ಮಾಸ್ಕ್ ಇಳಿಸು ಎಂದವರು ಯಾರು?

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಮಕ್ಕಳ ದಂತ ಚಿಕಿತ್ಸಾಲಯದ ಸಹಾಯಕಿಯನ್ನು ‘ಕರ್ತವ್ಯಲೋಪ’ದ ಹೆಸರಿನಲ್ಲಿ ಮನೆಗೆ ಕಳುಹಿಸಿದ ನಿಮ್ಮ ಆದೇಶ ಕೈಸೇರಿತು. ಸಾಂಕ್ರಾಮಿಕದ ನಡುವೆ ರೋಗಿಯೆದುರು ಮಾಸ್ಕ್ ಇಳಿಸಿ ಸೋಂಕು ತಗುಲಿಸಿಕೊಂಡರಂತೆ. ಆಹಾ, ಎಷ್ಟು ಚೊಕ್ಕ ಭಾಷೆ! ಇಳಿಸು ಎಂದವರು ಯಾರು ಎಂಬ ಒಂದು ಸಾಲು ಮಾತ್ರ ಅದರಲ್ಲಿಲ್ಲ. ನೀವು ಮರೆತಿರೋ, ನಾವು ಮರೆತಿದ್ದೇವೆ ಎಂದುಕೊಂಡಿರೋ?

ನಾವು ಕೆಲಸ ಮಾಡುತ್ತಿದ್ದ ಬಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ಇಬ್ಬರನ್ನು ಕಂಡರೆ ಯಾವ ಮಗು ತಾನೇ ಬಾಯಿ ತೆರೆದೀತು? ಅದಕ್ಕೇ, ಮಕ್ಕಳೆಲ್ಲ ‘ಹಲ್ಲಕ್ಕ’ ಎಂದು ಕರೆಯುವ ಈ ಸಹಾಯಕಿ ಮೊದಲು ಮುಚ್ಚಿದ ಗಾಜಿನ ಬಾಗಿಲಿನಾಚೆ ಬರಿಮುಖದಲ್ಲಿ ನಿಂತು ನಗುತ್ತಿದ್ದರು. ಮಗು ನೋಡುತ್ತಿರುವಂತೆಯೇ ಮಾಸ್ಕ್ ಕಟ್ಟಿಕೊಂಡು ಒಳಗೆ ಬಂದು, “ಈಗ ನೋಡಿದ್ಯಲ್ಲ ಪುಟ್ಟಾ, ಅದೇ ಅಕ್ಕ ನಾನು” ಅನ್ನುತ್ತಿದ್ದರು. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು. ಏಳು ತಿಂಗಳು ಒಬ್ಬರಿಗೂ ಏನೂ ಆಗಲಿಲ್ಲ. ನೀವೇ ಬಂದು ನೋಡಿ, “ಧೈರ್ಯವಾಗಿರಿ, ನಿಮ್ಮ ಹಿಂದೆ ನಾನಿದ್ದೀನಿ” ಅಂದಿರಿ. ನಂಬಿದೆವು.

ಆ ಗುರುವಾರ ನಿಮ್ಮ ಮೊಮ್ಮಗಳ ದವಡೆ ಊದಿತ್ತು, ನಿಮಗೆ ಮೀಟಿಂಗಿನ ಅವಸರ. ಗಾಜಿನ ಬಾಗಿಲಿನ ಶಾಸ್ತ್ರವೆಲ್ಲ ಬೇಡವೆಂದು ಮಗುವನ್ನು ಸೀದಾ ಕುರ್ಚಿಗೇ ತಂದು ಕೂರಿಸಿದಿರಿ. ಮಗು ಬಾಯಿ ಬಿಗಿದುಕೊಂಡಿತು. “ಒಂದ್ಸಲ ಮುಖ ತೋರ್ಸಮ್ಮಾ, ಏನಾಗಿಬಿಡುತ್ತೆ? ನಾನೇ ಹೇಳ್ತಿದೀನಲ್ಲ” ಅಂದವರು ನೀವು. ಹಲ್ಲಕ್ಕ ನನ್ನತ್ತ ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಆಕೆ ಮಾಸ್ಕ್ ಇಳಿಸಿದರು, ಮಗು ಬಾಯಿ ತೆರೆಯಿತು. ಮಾಸ್ಕ್ ಮೇಲೇರಿದರೆ ಮಗು ಮತ್ತೆ ಬಾಯಿ ಮುಚ್ಚುತ್ತಿತ್ತು, ಹಾಗಾಗಿ ನಾನು ಕೀವು ತೆಗೆದು ಮುಗಿಸುವವರೆಗೂ ಆಕೆ ಹಾಗೆಯೇ ನಿಂತರು.

ಆರನೆಯ ದಿನ ಆಕೆಗೆ ಜ್ವರ ಬಂತು. ಸೋಂಕು ಎಲ್ಲಿಂದ ಬಂತೋ ಕಾಣೆ, ಮಗುವಿನ ತಲೆಗೆ ಕಟ್ಟುವಷ್ಟು ನೀಚ ನಾನಲ್ಲ. ಮೂರು ವಾರ ಆಮ್ಲಜನಕದ ಮೇಲಿದ್ದ ಆ ಹೆಣ್ಣುಮಗಳು ಈಗ ಎಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತಾರೆ.

ಯಾವ ಮಗುವನ್ನು ಹೇಗೆ ಒಲಿಸಿದೆವು ಎಂದು ಅದರ ಚಿಕಿತ್ಸೆಯ ಕಾರ್ಡಿನಲ್ಲಿ ಬರೆದಿಡುವುದು ನಮ್ಮ ಪದ್ಧತಿ, ಮುಂದಿನ ಸಲ ಸುಲಭವಾಗಲೆಂದು. ಅಂದು ನಾನೇ ಬರೆದೆ: ‘ಸಹಾಯಕಿ ಮಾಸ್ಕ್ ಇಳಿಸಿದ ಮೇಲೆ ಬಾಯಿ ತೆರೆದಳು.’ ನಿಮ್ಮ ಮರ್ಯಾದೆಗೆ ಕುಂದು ಬರದಿರಲೆಂದು ನಿಮ್ಮ ಮಾತನ್ನು ಬಿಟ್ಟೆ. ಆ ಕಾರ್ಡನ್ನೇ ಆಕೆಯ ವಿರುದ್ಧ ಸಾಕ್ಷಿ ಮಾಡಿದಿರಲ್ಲ ಸ್ವಾಮಿ! ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ ತಾನೇ?

ನಿನ್ನೆ ಆಕೆಯ ಮನೆಗೆ ಹೋಗಿದ್ದೆ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. “ನೀವಿಬ್ರೂ ಅಲ್ಲೇ ಇದ್ರಲ್ಲ ಡಾಕ್ಟ್ರೇ, ಇಳ್ಸು ಅಂದಿದ್ದು ನಾವೇ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಈ ಪತ್ರಕ್ಕೆ ಕೂತಿದ್ದೇನೆ. ನಿಮ್ಮಲ್ಲಿ ಉತ್ತರವಿದೆಯೇ?

ಆದೇಶ ಹಿಂಪಡೆಯಿರಿ. ಆಕೆಯನ್ನು ಮರ್ಯಾದೆಯಿಂದ ಕೆಲಸಕ್ಕೆ ಕರೆಯಿರಿ. ಅಂದು ಬಿಟ್ಟ ಸಾಲನ್ನು ಕಾರ್ಡಿಗೆ ಸೇರಿಸಿ, ಇಂದಿನ ತಾರೀಖು ಹಾಕಿ ಸಹಿ ಮಾಡಿದ್ದೇನೆ. ಕೆಳಗೆ ನಿಮ್ಮ ಸಹಿಗೂ ಜಾಗವಿದೆ. ಕರ್ತವ್ಯಲೋಪ ಯಾರದಾದರೂ ಆಗಲೇಬೇಕೆಂದರೆ ನನ್ನದೆಂದು ಬರೆಯಿರಿ, ಅದರಲ್ಲಿ ಸುಳ್ಳೇನಿಲ್ಲ.

ಇಂತಿ,
ಬೇಡ ಎನ್ನಬೇಕಾದಾಗ ತಲೆಯಾಡಿಸಿದ
ಮಕ್ಕಳ ಹಲ್ಲಿನ ಡಾಕ್ಟರು