ಕಾಲರ್ ತಟ್ಟುವ ಕೈ

ಮಾರ್ಚ್ 4, ಸೋಮವಾರ

ಇವತ್ತೂ ಅತ್ತಿಗೆಗೆ ಗ್ಲವ್ಸ್ ಹಾಕಿಸಿದ್ದಾಯಿತು. ಬೆರಳಿಗೊಂದು ವೈರ್. ಅವರು ಕಾಲರ್ ಹೊಲಿಯುವುದನ್ನು ನೋಡಿ ನೋಡಿ ಹೊಸ ಮೆಷಿನ್ ಕಲಿಯಬೇಕು. ಅಣ್ಣನ ಹೆಂಡತಿ ಎಂದಲ್ಲ, ನಮ್ಮ ಗಾರ್ಮೆಂಟ್ಸ್‌ನ ಇಡೀ ಹೊಲಿಗೆ ಲೈನಿನಲ್ಲಿ ಆ ಕೈಗೆ ಸಾಟಿಯಿಲ್ಲ. ಅದಕ್ಕೇ ಆರಿಸಿದೆ. ಅದಕ್ಕೇ ತಾನೇ?

“ಏನ್ ಸೂಪರ್‌ವೈಸರ್ ಮೇಡಂ, ಶಿಷ್ಯ ಗುರುದಕ್ಷಿಣೆ ಏನ್ ಕೊಡುತ್ತಂತೆ?”

“ಕೇಳಿ ಹೇಳ್ತೀನಿ ಅತ್ತಿಗೆ.”

“ಕೇಳ್ಬೇಡ ಬಿಡು. ಅದೇ ನನ್ನ ಕುರ್ಚಿ ಕೇಳಿಬಿಟ್ರೆ?”

ಎಲ್ಲರೂ ನಕ್ಕರು. ನಾನೂ... ಸ್ವಲ್ಪ ತಡವಾಗಿ.

ಮಾರ್ಚ್ 6

ಮ್ಯಾನೇಜರ್ ಕರೆದರು. ಕಾಲರ್‌ಗೆ ಈಗ ಇಬ್ಬರು — ಅತ್ತಿಗೆ, ಪಾಪು. ಇನ್ನು ಮೆಷಿನ್ ನೋಡಿಕೊಳ್ಳಲು ಒಬ್ಬರು ಸಾಕಂತೆ. ಯಾರು ಉಳಿಯಬೇಕೆಂದು ನಾನೇ ಹೇಳಬೇಕು.

“ಮೆಷಿನ್ ಇಲ್ಲದೆ ಆಗಲ್ವಾ ಸರ್?”

“ಯಾರನ್ನ ಕೂರಿಸ್ತೀರಿ? ಗೇಟಿಗೆ ಬೋರ್ಡ್ ಹಾಕಿ ವರ್ಷ ಆಯ್ತು, ಒಬ್ಬ ಹುಡುಗೀನೂ ಬರಲಿಲ್ಲ.” ಆಮೇಲೆ ಮೆತ್ತಗೆ, “ಕೂಲಿ ಕಮ್ಮಿ ಅಂತ ಹೊರದೇಶದವರ ಆರ್ಡರ್ ಇಲ್ಲಿಗೆ ಬರ್ತಿತ್ತು. ಈಗ ಅವರಲ್ಲೂ ಮೆಷಿನ್, ನಮ್ಮಲ್ಲೂ ಮೆಷಿನ್. ಇನ್ನು ಇಷ್ಟು ದೂರ ಯಾಕೆ ಬರ್ತಾರೆ ಹೇಳಿ?”

ಲೈನಿಗೆ ವಾಪಸ್ ಬಂದೆ. ನಮ್ಮ ಪಾಪುವಿಗೇ ಮೂವತ್ತೆಂಟು. ಲೈನಿಗೆಲ್ಲ ಅವಳೇ ಚಿಕ್ಕವಳು, ಅದಕ್ಕೇ ಆ ಹೆಸರು. ಫ್ಯಾಕ್ಟರಿಯ ಮಕ್ಕಳ ಕೋಣೆಯ ತೊಟ್ಟಿಲಲ್ಲಿ ದಾರದ ಉಂಡೆಗಳು ಮಲಗಿವೆ. ಊರು ಹಣ ಕಾಣುವ ಮೊದಲೇ ನರೆ ಕಂಡಿತು.

ಮಾರ್ಚ್ 15

ಇನ್ನೂ ಹೇಳಿಲ್ಲ. ಮನಸ್ಸಿನಲ್ಲಿರುವುದು ಅತ್ತಿಗೆಯೇ. ನ್ಯಾಯವೋ, ಕರುಳೋ?

ಮಾರ್ಚ್ 18, ಸೋಮವಾರ

ಮೆಷಿನ್ ಚಾಲೂ ಆಯಿತು. ಹೊಲಿಗೆ ಅಚ್ಚುಕಟ್ಟು. ಆದರೆ ಪ್ರತಿ ಮೂಲೆ ತಿರುಗಿಸುವ ಮೊದಲು ನಿಲ್ಲುತ್ತದೆ. ಬಟ್ಟೆಯನ್ನು ಮೆಲ್ಲಗೆ ತಟ್ಟುತ್ತದೆ. ಮೆಷಿನ್ ಕೂರಿಸಲು ಬಂದ ಎಂಜಿನಿಯರಮ್ಮ ತಲೆ ಕೆರೆದುಕೊಂಡರು. “ಇದ್ಯಾಕೆ ತಟ್ಟತ್ತೆ? ಹೊಲಿಗೆಗೇನೂ ಬೇಕಿಲ್ವಲ್ಲ!”

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ, ಅದು ನಂದು! ಮೊದಲು ಮನೇಲಿ ಹೊಲೀತಿದ್ನಲ್ಲ, ಮಗಳನ್ನ ತೊಡೆ ಮೇಲೆ ಹಾಕ್ಕೊಂಡು. ಮೂಲೆ ಬಂದಾಗೆಲ್ಲ ಅವಳನ್ನೊಂದ್ಸಲ ತಟ್ಟೋದು. ಅವಳು ದೊಡ್ಡೋಳಾದ್ಲು, ಕೈ ಮಾತ್ರ ಬಿಡಲಿಲ್ಲ.”

“ನಿಮ್ಮ ಶಿಷ್ಯ ಕಾಲರ್ ಮಲಗಿಸ್ತಿದೆ ಅಕ್ಕಾ! ಶ್ — ಗಲಾಟೆ ಮಾಡ್ಬೇಡಿ!” ಪಾಪು.

ಲೈನಿಗೆ ಲೈನೇ ಬಿದ್ದು ಬಿದ್ದು ನಕ್ಕಿತು. ಎಂಜಿನಿಯರಮ್ಮನೂ. ನಂತರ ಹೇಳಿದರು — ಟೈಮ್ ವೇಸ್ಟ್, ಅದನ್ನು ತೆಗೆಯಬೇಕು.

“ತೆಗೀರಮ್ಮ. ಒಂದೇ ಒಂದು ಕಾಲರ್ ನೋಡ್ಕೊಂಡುಬಿಡ್ತೀನಿ.”

ಅತ್ತಿಗೆ ಕೈ ಹಿಂದೆ ಕಟ್ಟಿ ನೋಡಿದರು. ಊಟಕ್ಕೆ ಕೂತಾಗ ನನಗೊಬ್ಬಳಿಗೇ ಕೇಳುವಂತೆ, “ಪಾಪು ಹೆಸರು ಹೇಳು ಕಣೇ. ಅವಳಿಗಿನ್ನೂ ವಯಸ್ಸಿದೆ. ನಾಳೆ ಅವಳೂ ಬಿಟ್ಟು ಹೋದ್ರೆ ಆ ಮೆಷಿನ್‌ಗೆ ಯಾರು ದಿಕ್ಕು?”

“ನಿಮಗೆ?”

“ನೀನಿಲ್ವಾ? ನಿಮ್ಮಣ್ಣನ ಗೊರಕೆ ರಾತ್ರಿ ಕೇಳೋದೇ ಸಾಕು. ಹಗಲೆಲ್ಲ ನಿಮ್ಮನೇಲೇ ಇರ್ತೀನಿ.”

ಮಾರ್ಚ್ 24, ಭಾನುವಾರ, ಮಧ್ಯಾಹ್ನ

ಪಾಪು ಹೆಸರು ಹೇಳಿದೆ. ಮೊನ್ನೆ ಶುಕ್ರವಾರವೇ ಅತ್ತಿಗೆಯ ಕೆಲಸದ ಕೊನೆಯ ದಿನ. ಮೆಷಿನ್ ಈಗ ತಟ್ಟುವುದಿಲ್ಲ.

ಇವತ್ತು ಬೆಳಿಗ್ಗೆಯೇ ಅತ್ತಿಗೆ ಮನೆಗೆ ಬಂದರು. ನನ್ನ ದಿಂಬಿನ ಕವರುಗಳನ್ನೆಲ್ಲ ಬಿಚ್ಚಿ ಹೊಲಿದರು, ಬೈಯುತ್ತಲೇ. ಮಗಳು ಮಕ್ಕಳೇ ಬೇಡ ಅಂದಿದ್ದಾಳಂತೆ. “ನಿನ್ನಿಷ್ಟ ಅಂದೆ. ಸರಿ ತಾನೇ ನಾನಂದಿದ್ದು?” ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ.

ಮಾತಾಡುತ್ತಲೇ ಸೋಫಾದಲ್ಲಿ ನನ್ನ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಏಳುವಂತಿಲ್ಲ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಡಗೈ ಎಷ್ಟು ಹೊತ್ತಿನಿಂದ ಅವರ ಭುಜವನ್ನು ಮೆಲ್ಲಗೆ —