ಗಾಳಿ ಹಾಕುವವರ ಗೋಡೆ

ಪ್ರೀತಿಯ ಅಪ್ಪನಿಗೆ,

ನಿನ್ನೆ ಭಾನುವಾರ ನಾನು ಚರ್ಚಿನ ಆರ್ಗನ್ನಿಗೆ ಗಾಳಿ ಹಾಕಿದೆ. ಮೊದಲ ಹಾಡಿನಿಂದ ಕೊನೆಯ ಆಶೀರ್ವಾದದವರೆಗೆ, ಒಬ್ಬಳೇ. ಇದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಬೆಳಿಗ್ಗೆಯಿಂದ ಕಾಗದ ಹಿಡಿದು ಕೂರುತ್ತೇನೆ, ಮತ್ತೆ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ. ಎರಡೂ ಕಾಲಿನ ಮೀನಖಂಡ ಕಲ್ಲಿನ ಹಾಗಾಗಿದೆ. ಆದರೂ ಮನೆಯೆಲ್ಲ ಓಡಾಡೋಣ ಎನ್ನಿಸುತ್ತದೆ.

ನೀವು ಹೋದ ಮರುವರ್ಷ ನನ್ನ ಮದುವೆಯಾಯಿತು. ಹಾಗಾಗಿ ನಿಮಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ವಿಲ್ಸನ್ ಉಡುಪಿಯವರು, ಅಡುಗೆಯವರು. ಜರ್ಮನಿಯ ಬೊಬ್ಲಿಂಗೆನ್ ಎಂಬ ಊರಿನ ಹೋಟೆಲಿನಲ್ಲಿ ಅವರಿಗೆ ಕೆಲಸ ಸಿಕ್ಕಿತು, ನಾನೂ ಜೊತೆಗೆ ಬಂದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅಲ್ಲಿ ಎಂತ ಮಾಡ್ತಾಳೆ ಎಂದು ಊರಲ್ಲಿ ಎಲ್ಲರೂ ಕೇಳಿದ್ದರು. ನಾನೂ ಅದನ್ನೇ ಕೇಳಿಕೊಂಡಿದ್ದೆ. ಈಗ ವಾರಕ್ಕೆ ಮೂರು ದಿನ ರೈಲು ಹಿಡಿದು ನೆಕ್ಕರ್ ಹೊಳೆಯ ದಂಡೆಯ ಹಳೆಯ ಪೇಟೆಗೆ ಹೋಗುತ್ತೇನೆ. ಅಲ್ಲಿಯ ದೊಡ್ಡ ಚರ್ಚನ್ನು ಗುಡಿಸಿ ಒರೆಸುವುದು ನನ್ನ ಕೆಲಸ. ಅದೂ ನಮ್ಮ ಹಾಗೆಯೇ ಪ್ರೊಟೆಸ್ಟೆಂಟರ ಚರ್ಚು. ಒಳಗೆ ಕಾಲಿಟ್ಟ ಮೊದಲ ದಿನ ನಾನು ತಲೆಯೆತ್ತಿ ನೋಡಿದ್ದು ಏನನ್ನು, ಹೇಳಿ? ಆರ್ಗನ್ನನ್ನು. ಎರಡು ಮಾಳಿಗೆಯಷ್ಟು ಎತ್ತರ, ಅಪ್ಪಾ. ನಮ್ಮೂರ ಆರ್ಗನ್ನನ್ನು ಅದರ ಪಕ್ಕದಲ್ಲಿ ಇಟ್ಟರೆ ಮೊಮ್ಮಗುವಿನ ಹಾಗೆ ಕಂಡೀತು.

ಆ ದಿನ ಫ್ರಾವ್ ಕೆಲ್ಲರ್ (ಇಲ್ಲಿ ಹೆಂಗಸರಿಗೆ ಫ್ರಾವ್, ಗಂಡಸರಿಗೆ ಹೆರ್ ಎನ್ನುತ್ತಾರೆ) ನನ್ನನ್ನು ಚರ್ಚಿನ ಸುತ್ತ ಕರೆದುಕೊಂಡು ಹೋದರು. ಚರ್ಚಿನ ಬೀಗದ ಕೈ, ಮೇಣದ ಬತ್ತಿ, ಗಂಟೆ ಎಲ್ಲ ಅವರದೇ ಉಸ್ತುವಾರಿ. ಎಪ್ಪತ್ತರ ಹತ್ತಿರದ ಹೆಂಗಸು, ಮಾತು ಜೋರು. ನನ್ನ ಭಾಷೆ ಕಡಿಮೆ ಎಂದು ಗೊತ್ತಾದ ಮೇಲೆ ನಿಧಾನವಾಗಿ, ಕೈಸನ್ನೆ ಮಾಡಿ ಹೇಳಿದರು. ಇದು ಮೊದಲು ಕಥೋಲಿಕರ ಚರ್ಚಾಗಿತ್ತಂತೆ. ಗೋಡೆಯ ತುಂಬ ಸಂತರ ಚಿತ್ರ. ಆಮೇಲೆ ಊರೇ ಪ್ರೊಟೆಸ್ಟೆಂಟ್ ಆಗಿ ನಮ್ಮ ಕಡೆಗೆ ಬಂದಾಗ ಎಲ್ಲದರ ಮೇಲೆ ಸುಣ್ಣ ಬಳಿದರಂತೆ. ಒಂದು ಕಂಬದಲ್ಲಿ ಅಂಗೈ ಅಗಲ ಸುಣ್ಣ ಕೆರೆದು ಬಿಟ್ಟಿದ್ದಾರೆ. ಅಲ್ಲಿ ಯಾರೋ ಸಂತನ ಒಂದು ಕಿವಿ ಕಾಣುತ್ತದೆ. ಇಷ್ಟು ಶತಮಾನ ಸುಣ್ಣದ ಒಳಗಿನಿಂದ ನಮ್ಮ ಪಾದ್ರಿಗಳ ಪ್ರಸಂಗ ಕೇಳಿಸಿಕೊಂಡ ಕಿವಿ! ಯುದ್ಧದಲ್ಲಿ ಮಾಡು ಸುಟ್ಟು ಆಕಾಶ ಕಾಣುತ್ತಿತ್ತಂತೆ. ಆರ್ಗನ್ನಿನ ಕೊಳವೆಗಳನ್ನು ಮೊದಲೇ ಬಿಚ್ಚಿ ನೆಲಮಾಳಿಗೆಯಲ್ಲಿ ಇಟ್ಟಿದ್ದರಿಂದ ಅವು ಉಳಿದವು. ಒಂದೊಂದಾಗಿ ಹೊತ್ತು ಇಳಿಸಿದವರಲ್ಲಿ ಫ್ರಾವ್ ಕೆಲ್ಲರ್ ಅವರ ಅಮ್ಮನೂ ಇದ್ದರು.

ಒಂದು ದಿನ ಗೋಪುರದ ಮೆಟ್ಟಿಲು ಗುಡಿಸುತ್ತಾ ಮೇಲೆ ಹೋದೆ. ಆರ್ಗನ್ನಿನ ಹಿಂದೆ ತಗ್ಗು ಬಾಗಿಲು. ಒಳಗೆ ಮಂಚದಷ್ಟು ದೊಡ್ಡ ನಾಲ್ಕು ತಿದಿಗಳು ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಕಾಲಿನಿಂದ ತುಳಿಯುವ ಉದ್ದನೆಯ ಮರದ ಹಲಗೆ. ಹಲಗೆ ಹತ್ತಿ ನಿಂತರೆ ತಿದಿ ಮೇಲೇಳುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತಾ ಗಾಳಿ ಕೊಡುತ್ತದೆ. ಹಿಡಿದುಕೊಳ್ಳಲು ಎದೆಯ ಎತ್ತರಕ್ಕೆ ಒಂದು ಅಡ್ಡಪಟ್ಟಿ. ಮತ್ತು ಗೋಡೆಯಲ್ಲಿ ಹೆಸರುಗಳು, ಅಪ್ಪಾ. ಕತ್ತಿಯ ಮೊನೆಯಲ್ಲಿ ಕೆತ್ತಿದ್ದು, ಇದ್ದಿಲಲ್ಲಿ ಬರೆದದ್ದು. ಯಾಕೋಬ್, ಮಾರ್ಟಿನ್, ಇನ್ನೊಬ್ಬ ಯಾಕೋಬ್. ಯಾರೋ ತನ್ನ ಬೂಟಿನ ಸುತ್ತ ಗೆರೆ ಎಳೆದಿದ್ದಾನೆ. ಒಬ್ಬ 'ಇವತ್ತು ಪ್ರಸಂಗ ಉದ್ದ' ಎಂದು ಬರೆದಿದ್ದಾನಂತೆ. ಫ್ರಾವ್ ಕೆಲ್ಲರ್ ಅದನ್ನು ಓದಿ ಹೇಳಿದಾಗ ನನಗೆ ನಿಮ್ಮ ಮುಖವೇ ಕಂಡಿತು. ಇವರೆಲ್ಲ ನಿಮ್ಮ ಕೆಲಸ ಮಾಡಿದವರು. ಇಷ್ಟು ಜನರಿದ್ದಾರೆಂದು ನಿಮಗೆ ಗೊತ್ತಿತ್ತೇ?

ನಮ್ಮೂರ ಆರ್ಗನ್ನಿನ ಹಿಂದಿನ ಸಂದಿಯಲ್ಲಿ ನೀವು ಕೂರುತ್ತಿದ್ದ ಮುಕ್ಕಾಲಿ ನನಗೆ ಇನ್ನೂ ನೆನಪಿದೆ. ಗಾಳಿ ಹಾಕುವ ಮರದ ಹಿಡಿ ನಿಮ್ಮ ಬಲಗೈಯಲ್ಲಿ. ಗಾಳಿ ಎಷ್ಟಿದೆ ಎಂದು ತೋರಿಸಲು ದಾರದಲ್ಲಿ ಒಂದು ಸೀಸದ ಗುಂಡು ಇಳಿಬಿದ್ದಿತ್ತು. ನೀವು ಅದನ್ನು ನೋಡುತ್ತಲೇ ಇರಲಿಲ್ಲ. ನಿಮ್ಮ ಭುಜ ನೋಯುತ್ತಿದ್ದ ದಿನಗಳಲ್ಲಿ ನನ್ನ ಕೈಗೆ ಹಿಡಿ ಕೊಡುತ್ತಿದ್ದಿರಿ. ನಾನು ಹಾಡಿನ ತಾಳಕ್ಕೆ ಒತ್ತುತ್ತಿದ್ದೆ, ಸ್ವರ ನಡುಗುತ್ತಿತ್ತು.

"ಬಾಲೆ, ಹಾಡು ಕೇಳ್ಬೇಡ," ಎಂದಿರಿ.

"ಮತ್ತೆ ಎಂತ ಕೇಳ್ಲಿ?"

"ಗಾಳಿ ಕೇಳು. ಹಾಡು ಕೇಳಿದ್ರೆ ಕೈ ಹಾಡಿನ ಹಿಂದೆ ಹೋಗ್ತದೆ. ಹಾಡು ಕೂತವರಿಗೆ. ನಮಗೆ ಗಾಳಿ."

ಮೂವತ್ತು ವರ್ಷ ನೀವು ಒಂದು ಹಾಡನ್ನೂ ಕೇಳಲಿಲ್ಲ. ಕರೆಂಟಿನ ಮೋಟರು ಬಂದ ಮೇಲೂ ಅದೇ ಸಂದಿಯಲ್ಲಿ ಕೂತಿರಿ. ಮುಂದೆ ಬಂದು ಬೆಂಚಿನಲ್ಲಿ ಕೂರಿ ಎಂದು ಅಮ್ಮ ಹೇಳಿದರೆ "ಕರೆಂಟು ಹೋದ್ರೆ?" ಎಂದಿರಿ. ಚರ್ಚಿನ ನೆನಪಿನ ಸಂಚಿಕೆ ಬಂದಾಗ ಅದರಲ್ಲಿ ಪ್ರಸಂಗ ಮಾಡಿದ ಅಯ್ಯನವರುಗಳ ಹೆಸರಿತ್ತು, ಆರ್ಗನ್ ನುಡಿಸಿದವರ ಹೆಸರಿತ್ತು, ಮಾಡಿಗೆ ಹಂಚು ಕೊಟ್ಟವರ ಹೆಸರೂ ಇತ್ತು. ನಾನು ಪುಟ ತಿರುಗಿಸಿ ತಿರುಗಿಸಿ ನಿಮ್ಮದನ್ನು ಹುಡುಕಿದೆ. ನೀವು ನಕ್ಕಿರಿ. "ಗಾಳಿಯ ಫೋಟೋ ತೆಗೀಲಿಕ್ಕೆ ಆಗ್ತದಾ ಬಾಲೆ?" ನೀವು ನಕ್ಕದ್ದಕ್ಕೆ ನಾನೂ ನಕ್ಕೆ. ಆದರೆ ಆ ಸಂಚಿಕೆಯನ್ನು ಮತ್ತೆ ತೆರೆಯಲಿಲ್ಲ. ಅಷ್ಟು ವರ್ಷದ ಮೇಲೆ ಈ ಗೋಡೆಯ ಮುಂದೆ ನಿಂತಾಗ ನಿಮ್ಮ ಹೆಸರಿಗೆ ಇದು ಸರಿಯಾದ ಜಾಗ ಎನ್ನಿಸಿತು. ಯಾರನ್ನು ಕೇಳುವುದು? ನನಗೆ ಅಂಗಡಿಯಲ್ಲಿ ಚೀಲ ಕೇಳಲಿಕ್ಕೇ ಬಾಯಿ ಬರುವುದಿಲ್ಲ...

ಈ ಬೇಸಿಗೆಯಲ್ಲಿ ಹಳೆಯ ತಿದಿಗಳಿಗೆ ಹೊಸ ತೊಗಲು ಹಾಕಿಸಿದರು. ಚರ್ಚಿನ ಹಬ್ಬದ ಭಾನುವಾರ ಮೋಟರು ನಿಲ್ಲಿಸಿ, ಹಿಂದಿನ ಕಾಲದ ಹಾಗೆ ಕಾಲಿನಿಂದ ಗಾಳಿ ಹಾಕಬೇಕೆಂದು ಆರ್ಗನ್ ನುಡಿಸುವ ಹೆರ್ ಬ್ರಾಂಟ್ ಅವರ ಆಸೆ. ಆದರೆ ಸಭೆಯ ಹಿರಿಯರಲ್ಲಿ ಅರ್ಧ ಜನಕ್ಕೆ ಮನಸ್ಸಿರಲಿಲ್ಲ. ಆ ದಿನ ಸರಿ ಹೋಗದಿದ್ದರೆ ಮೋಟರೇ ಇರಲಿ, ಆ ಕೋಣೆಯನ್ನು ಹಲಗೆ ಹೊಡೆದು ಮುಚ್ಚಿಬಿಡೋಣ ಎಂದು ತೀರ್ಮಾನಿಸಿದರು. ಗೋಡೆಯೂ ಒಳಗೇ ಹೋಗುತ್ತದೆ!

ಮೊದಲ ಅಭ್ಯಾಸಕ್ಕೆ ಗಾಯನ ತಂಡದ ಇಬ್ಬರು ಗಟ್ಟಿ ಆಳುಗಳು ಬಂದರು. ನಾನು ಕೆಳಗೆ ಬೆಂಚು ಒರೆಸುತ್ತಿದ್ದೆ. ಆರ್ಗನ್ ಶುರುವಾಯಿತು, ಎರಡು ಸಾಲಿಗೇ ಜ್ವರ ಬಂದವರ ಹಾಗೆ ನಡುಗತೊಡಗಿತು. ಹೆರ್ ಬ್ರಾಂಟ್ ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಮತ್ತೆ ಅದೇ. ಕಾರಣ ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಬೆಂಚು ಒರೆಸುವುದನ್ನೇ ಮುಂದುವರಿಸಿದೆ. ಮನೆಗೆ ಬಂದು ವಿಲ್ಸನ್‌ಗೆ ಹೇಳಿದೆ.

"ನನಗೆ ಅದು ಬರ್ತದೆ. ಕೇಳ್ಲಾ ಅಂತ."

"ಎಂತ ಮಾರಾಯ್ತಿ, ನಿನ್ನ ಕೆಲಸದ ಕರಾರಿನಲ್ಲಿ ಗುಡಿಸ್ಲಿಕ್ಕೆ ಅಂತ ಉಂಟು. ಗಾಳಿ ಹಾಕ್ಲಿಕ್ಕೆ ಅಂತ ಉಂಟಾ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಕೇಳು. ಬೇಡ ಅಂದ್ರೆ ಗುಡಿಸೋದು ಹೇಗೂ ಉಂಟಲ್ಲ," ಎಂದರು.

ಎರಡನೇ ಅಭ್ಯಾಸದ ದಿನ ಫ್ರಾವ್ ಕೆಲ್ಲರ್ ಅವರ ತೋಳು ಮುಟ್ಟಿದೆ. ನನಗೆ ಬರುವ ಜರ್ಮನ್ ಮಾತನ್ನೆಲ್ಲ ಒಟ್ಟು ಮಾಡಿ, "ಅವರು ಹಾಡು ಕೇಳ್ತಾರೆ. ಅದು ಒಳ್ಳೇದಲ್ಲ," ಎಂದೆ. ಅವರು ಕಣ್ಣು ಕಿರಿದು ಮಾಡಿ, "ಗಾಯನ ತಂಡದವರು ಹಾಡು ಕೇಳದೆ ಇನ್ನೇನು ಕೇಳಬೇಕು?" ಎಂದರು. "ಗಾಳಿ," ಎಂದೆ. "ನನ್ನ ಅಪ್ಪ. ಮೂವತ್ತು ವರ್ಷ." ಅಷ್ಟಕ್ಕೇ ಅವರು ನನ್ನ ಕೈಯಿಂದ ಬಟ್ಟೆ ಕಿತ್ತು ಬೆಂಚಿನ ಮೇಲೆ ಎಸೆದು ನನ್ನನ್ನು ಮೇಲೆ ಕರೆದುಕೊಂಡು ಹೋದರು. ಹಲಗೆ ಹತ್ತುವ ಮೊದಲು ನಾನು ಶೂ, ಸಾಕ್ಸ್ ಬಿಚ್ಚಿಟ್ಟೆ. ಗೋಡೆಯಲ್ಲಿ ಬೂಟಿನ ಚಿತ್ರ ಬಿಡಿಸಿದವನು ನೋಡಿದ್ದರೆ ಬೈಯುತ್ತಿದ್ದನೋ ಏನೋ. ಆದರೆ ಬರಿಗಾಲಿಗೆ ತಿದಿ ಚೆನ್ನಾಗಿ ಮಾತಾಡುತ್ತದೆ ಅಪ್ಪಾ. ಎಷ್ಟು ತುಂಬಿದೆ, ಎಲ್ಲಿ ಸಾಕು ಎಂದು ಪಾದಕ್ಕೇ ತಿಳಿಯುತ್ತದೆ. ಒಂದು ತಿದಿ ಅರ್ಧ ಇಳಿಯುವಾಗ ಇನ್ನೊಂದಕ್ಕೆ ಹೆಜ್ಜೆ, ಅವಸರವಿಲ್ಲದೆ, ಧುಮುಕದೆ. ಕೆಳಗೆ ಹೆರ್ ಬ್ರಾಂಟ್ ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದಿಟ್ಟರು. ಅದು ಕದಲಲಿಲ್ಲ.

ನಿನ್ನೆ ಚರ್ಚು ತುಂಬಿತ್ತಂತೆ. ನನಗೆ ಕಂಡದ್ದು ತಿದಿ ಮತ್ತು ಗೋಡೆ ಮಾತ್ರ. ಹಾಡು ಬರುವ ಮೊದಲು ಹೆರ್ ಬ್ರಾಂಟ್ ಆರ್ಗನ್ನಿನ ಒಂದು ಹಿಡಿ ಎಳೆದರೆ ನನ್ನ ಕೋಣೆಯಲ್ಲಿ ಸಣ್ಣ ಗಂಟೆ ಕಿಣಿಗುಟ್ಟುತ್ತದೆ. ಎರಡು ಹಾಡು ನೀರಿನ ಹಾಗೆ ಹರಿದವು. ಆಮೇಲೆ ಮೂರನೆಯದು ಶುರುವಾಯಿತು. ಮಾತು ಜರ್ಮನ್, ಆದರೆ ರಾಗ ನಮ್ಮದು. ನಿಮ್ಮನ್ನು ಮಣ್ಣಿಗಿಟ್ಟ ದಿನ ಹಾಡಿದ ಅದೇ ರಾಗ. ಆ ರಾಗ ಇಲ್ಲಿಂದಲೇ ಮಿಶನರಿಗಳ ಜೊತೆ ನಮ್ಮ ಕಡಲ ದಂಡೆಗೆ ಬಂದದ್ದೆಂದು ನನಗೇನು ಗೊತ್ತು? ನನ್ನ ಪಾದ ಹಾಡಿನ ಹಿಂದೆ ಹೊರಟೇ ಬಿಟ್ಟಿತು. ಸ್ವರ ಒಂದು ಕ್ಷಣ ಅಲುಗಿತು. ಅಡ್ಡಪಟ್ಟಿಯನ್ನು ಗಟ್ಟಿ ಹಿಡಿದು ಕಣ್ಣು ಮುಚ್ಚಿ ಗಾಳಿಗೆ ಕಿವಿ ಕೊಟ್ಟೆ. ತೊಗಲಿನ ಉಸಿರು, ಹಲಗೆಯ ಕಿರುಗುಡುವಿಕೆ, ಅಷ್ಟೇ. ಹಾಡು ಎಲ್ಲಿಗೋ ಹೋಯಿತು. ಎಷ್ಟು ಚರಣ ಹಾಡಿದರೋ ತಿಳಿಯದು. ನೀವು ಪ್ರತಿ ಭಾನುವಾರ ಏನನ್ನು ಬಿಟ್ಟುಕೊಡುತ್ತಿದ್ದಿರೆಂದು ಆಗ ನನಗೆ ತಿಳಿಯಿತು.

ಆರಾಧನೆ ಮುಗಿದ ಮೇಲೆ ಹೆರ್ ಬ್ರಾಂಟ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಮೂರನೇ ಹಾಡಿನಲ್ಲಿ ಒಂದು ಸಲ?" ಎಂದರು. "ಒಂದು ಸಲ," ಎಂದು ಒಪ್ಪಿಕೊಂಡೆ. "ಅಷ್ಟನ್ನು ಹಿರಿಯರ ಕಿವಿ ಹಿಡಿಯುವುದಿಲ್ಲ," ಎಂದು ಅವರು ಕಣ್ಣು ಮಿಟುಕಿಸಿದರು. ಕೋಣೆ ಮುಚ್ಚುವುದಿಲ್ಲ ಅಪ್ಪಾ. ಪ್ರತಿ ತಿಂಗಳ ಮೊದಲ ಭಾನುವಾರ ಮೋಟರಿಗೆ ರಜೆ, ನನಗೆ ಕೆಲಸ.

ಆ ಸಂತೋಷದಲ್ಲೇ ಧೈರ್ಯ ಮಾಡಿ ನಿಮ್ಮ ಹೆಸರಿನ ವಿಷಯ ಫ್ರಾವ್ ಕೆಲ್ಲರ್ ಅವರಿಗೆ ಹೇಳಿದೆ. ಅವರ ಮುಖ ಚಿಕ್ಕದಾಯಿತು. ಗೋಡೆ ಈಗ ಡೆಂಕ್‌ಮಾಲ್‌ಶುಟ್ಸ್, ಹಳೆಯ ಕಟ್ಟಡ ಕಾಯುವ ಸರ್ಕಾರಿ ಕಾನೂನಿಗೆ ಸೇರಿದ್ದು. ಸೂಜಿಯ ಗೀರೂ ಎಳೆಯುವ ಹಾಗಿಲ್ಲ. ಆಮೇಲೆ ಅವರೇ ನಾಲ್ಕನೇ ತಿದಿಯ ಹಲಗೆ ತೋರಿಸಿದರು. "ಇದು ಈ ಬೇಸಿಗೆಯಲ್ಲಿ ಹಾಕಿಸಿದ ಹೊಸ ಮರ. ಇದನ್ನು ಯಾವ ಕಾನೂನೂ ಕಾಯುವುದಿಲ್ಲ. ಇಲ್ಲಿ ಬರಿ." ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಾಚಿಕೆ ಎಂದುಕೊಂಡು ಅವರು ಪೆನ್ಸಿಲ್ ನನ್ನ ಕೈಗೆ ತುರುಕಿದರು.

"ಇಲ್ಲಿ ಬೇಡ," ಎಂದೆ. "ಇದು ಕಾಲು ಇಡುವ ಜಾಗ. ಅಪ್ಪನ ಹೆಸರು."

ಅರ್ಥವಾದ ಮೇಲೆ ಅವರು ಕೋಣೆಯನ್ನೆಲ್ಲ ಕಣ್ಣಿನಿಂದ ಸುತ್ತಿ, ಅಡ್ಡಪಟ್ಟಿಯ ಮೇಲೆ ಕೈಯಿಟ್ಟರು. ಹುಳ ತಿಂದಿದ್ದ ಹಳೆಯದನ್ನು ತೆಗೆದು ಹಾಕಿಸಿದ್ದು, ಅದೂ ಹೊಸ ಮರವೇ. ಗಾಳಿ ಹಾಕುವವರು ಎರಡೂ ಕೈಯಿಂದ ಹಿಡಿದುಕೊಳ್ಳುವ ಜಾಗ. ಅಲ್ಲಿ, ಸರಿಯಾಗಿ ನಡುವೆ, ಕನ್ನಡದಲ್ಲಿ ಬರೆದೆ: ಜಯಕರ. ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಫ್ರಾವ್ ಕೆಲ್ಲರ್ ತಂದ ಸಣ್ಣ ಉಳಿಯಲ್ಲಿ. 'ಕ' ಸ್ವಲ್ಪ ಸೊಟ್ಟ ಆಯಿತು, ಬೈಯಬೇಡಿ. ಓದಿ ಹೇಳು ಎಂದರು ಹೆರ್ ಬ್ರಾಂಟ್. ನಾನು ಗಟ್ಟಿಯಾಗಿ ಓದಿದೆ. ನನ್ನ ಸ್ವರ ಗೋಪುರದ ಮೆಟ್ಟಿಲಿನ ತನಕ ಕೇಳಿಸಿತು.

ಮುಂದಿನ ತಿಂಗಳ ಮೊದಲ ಭಾನುವಾರ ಅದೇ ರಾಗವನ್ನು ಮತ್ತೆ ನುಡಿಸಬೇಕೆಂದು ಹೆರ್ ಬ್ರಾಂಟ್ ಅವರನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಈ ಸಲ ನಾನು ತಪ್ಪುವುದಿಲ್ಲ. ಸಂತನ ಕಿವಿ ಇರುವ ಕಂಬದ ಹತ್ತಿರ ಎರಡನೇ ಬೆಂಚನ್ನು ಚೆನ್ನಾಗಿ ಒರೆಸಿ ಇಟ್ಟಿರುತ್ತೇನೆ. ಸಂದಿಗೆ ಬರಬೇಡಿ ಅಪ್ಪಾ, ಕರೆಂಟಿನ ಚಿಂತೆಯೂ ಬೇಡ. ಗಾಳಿ ನಾನು ನೋಡಿಕೊಳ್ಳುತ್ತೇನೆ. ನೀವು ಕೂತು ಹಾಡು ಕೇಳಿ.

ನಿಮ್ಮ ಬಾಲೆ,
ರೂತ್