ಎದೆಯ ಮೇಲಿನ ಬಿಲ್ಲೆ

ಸೆಪ್ಟೆಂಬರ್ 28, 2025. ಭಾನುವಾರ. ಬೆಳಿಗ್ಗೆ 6.30

‘ಬೆಂಕಿಗೆ ಸಾಕು ಎನ್ನಲು ಬರುವುದಿಲ್ಲ’ — ಎಲ್ಲಿ ಓದಿದ ಸಾಲು ಇದು? ಹಿಂದೆ ಒಂದು ಪದ ಇತ್ತು, ಮುಂದೆ ಇನ್ನೊಂದು. ಎರಡೂ ಹೋಗಿವೆ. ಹಾಲು ಉಕ್ಕುವುದನ್ನು ನೋಡುತ್ತ ನಿಂತಾಗ ನೆನಪಾಯಿತು. ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನಲ್ಲಿ ಕಂಡದ್ದಿರಬೇಕು. ಆಗ ನಿಜ ಅನ್ನಿಸಿತ್ತು. ಈಗ ಅನುಮಾನ. ಬರುವುದಿಲ್ಲ ಎಂದವರು ಯಾರು? ಕಲಿಸಿ ನೋಡಿದ್ದರೇ?

ದಸರಾ ರಜೆ ಕಳೆದ ಮೇಲೆ ಕಾಲೇಜಿನಲ್ಲಿ ನನ್ನ ಉಪನ್ಯಾಸ. ‘ಹೊಸ ಮಾದರಿಯ ಅಣು ರಿಯಾಕ್ಟರ್‌ಗಳು.’ ಪ್ರಿನ್ಸಿಪಾಲರು ವಿಷಯ ಕೊಟ್ಟು ತಿಂಗಳಾಯಿತು. ಟಿಪ್ಪಣಿ ಮೂರೇ ಪುಟ. ಹೊಸ ವಿನ್ಯಾಸಗಳಲ್ಲಿ ನನ್ನನ್ನು ಹಿಡಿದದ್ದು ಒಂದು ಸಂಗತಿ — ಬಿಸಿ ಮಿತಿಮೀರಿದರೆ ಒಲೆ ತಾನೇ ಮಂದವಾಗಬೇಕು. ಕರೆಂಟು ಹೋದರೂ, ಕಾಯುವವನು ತೂಕಡಿಸಿದರೂ. ಅಂದರೆ ಬೆಂಕಿಗೆ ‘ಸಾಕು’ ಎಂಬುದನ್ನು ಕಲಿಸುವ ಪ್ರಯತ್ನವೇ ಅಲ್ಲವೇ?

ಚೈತ್ರಶ್ರೀ ನಾಳೆ ಬರುತ್ತಾಳಂತೆ. ಪಕ್ಕದ ಮನೆಯ ಗಾದ್ರಮ್ಮನ ಮಗಳು. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿ. ಈಗ ಪೂರ್ವ ಕರಾವಳಿಯ ಒಂದು ರಿಯಾಕ್ಟರ್ ಸಂಶೋಧನಾ ಸಂಸ್ಥೆಯಲ್ಲಿ ಟ್ರೈನಿ. ಉಪನ್ಯಾಸಕ್ಕೆ ಅವಳನ್ನೇ ಕೇಳಬೇಕು.

ಅಕ್ಟೋಬರ್ 1. ಆಯುಧಪೂಜೆ. ಸಂಜೆ

ಗಾದ್ರಮ್ಮನ ಗಂಡ ಚಿತ್ತಪ್ಪನವರ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಪೂಜೆ. ಜಗಳೂರಿನ ಅರ್ಧ ಬೋರ್‌ವೆಲ್‌ಗಳ ಸುಟ್ಟ ಮೋಟಾರುಗಳು ಅಲ್ಲಿ ಸಾಲಾಗಿ ಮಲಗಿರುತ್ತವೆ. ಇವತ್ತು ಎಲ್ಲಕ್ಕೂ ಚೆಂಡುಹೂವು.

ಚೈತ್ರಾ ಅಪ್ಪನಿಗೆ ತನ್ನ ಸಂಸ್ಥೆಯ ಹೊಸ ರಿಯಾಕ್ಟರ್ ವಿನ್ಯಾಸ ವಿವರಿಸುತ್ತಿದ್ದಳು. ಅದರ ತಂಡಕ್ಕೆ ಇವಳ ಬ್ಯಾಚಿನಿಂದ ನಾಲ್ಕು ಜನರನ್ನು ಆರಿಸುತ್ತಾರೆ. ಇವಳ ಹೆಸರು ಪಟ್ಟಿಯಲ್ಲಿದೆ.

“ಪಂಪೇ ಇಲ್ಲಂದ್ರೆ ನೀರು ಹೆಂಗೆ ತಿರುಗ್ತೈತವ್ವ?”

“ಬಿಸೀದು ಮ್ಯಾಲೇಳ್ತೈತೆ, ತಣ್ಣಂದು ಕೆಳಗಿಳೀತೈತೆ. ಅಷ್ಟೇ ಅಪ್ಪ. ಕರೆಂಟ್ ಹೋದ್ರೂ ನಿಲ್ಲಲ್ಲ.”

“ಮೋಟ್ರೂ ಬ್ಯಾಡ, ಕರೆಂಟೂ ಬ್ಯಾಡ. ನನ್ನ ಅಂಗಡಿ ಬಾಗ್ಲು ಹಾಕ್ಸಾಕೆ ನಾನೇ ಓದಿಸಿದಂಗಾತು ನೋಡ್ರಿ ಮೇಡಂ!”

ಎಲ್ಲರೂ ನಕ್ಕೆವು. ಗಾದ್ರಮ್ಮ ನಗುತ್ತ ನಗುತ್ತ ಕೆಮ್ಮಿದರು.

ಆಮೇಲೆ ಒಂದು ತಮಾಷೆ. ಚೈತ್ರಾಳ ಬ್ಯಾಗಿನಿಂದ ಪ್ಲಾಸ್ಟಿಕ್ಕಿನ ಚೌಕ ಬಿಲ್ಲೆಯೊಂದು ಬಿತ್ತು. ಕೆಲಸದ ಹೊತ್ತಿನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು. ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅಳೆಯುತ್ತದೆ. ಗೇಟಿನಲ್ಲೇ ಬಿಟ್ಟು ಬರಬೇಕಾದದ್ದು. ರಜೆಯ ಅವಸರದಲ್ಲಿ ತಂದುಬಿಟ್ಟಿದ್ದಾಳೆ. ಗಾದ್ರಮ್ಮ ಅದನ್ನೆತ್ತಿ ಸ್ಪ್ಯಾನರುಗಳ ಪಕ್ಕ ಇಟ್ಟು ಕುಂಕುಮ ಹಚ್ಚಲು ಹೋದರು. ಮಗಳ ಆಯುಧ ಅಲ್ಲವೇ! ಚೈತ್ರಾ ಕೈಹಿಡಿದು ತಡೆದಳು.

ಮನೆಗೆ ಬರುವಾಗ ಗಾದ್ರಮ್ಮ ಮೆಲ್ಲಗೆ ಕೇಳಿದರು. “ಅಳೀತೈತೆ ಅಂದ್ರೆ, ಮೈಮ್ಯಾಗೆ ಬೀಳ್ತೈತೆ ಅಂತ್ಲೇ ಆತಲ್ರೀ?”

ಮುಖ ಬಿಳಿಚಿತ್ತು. ನೋಡಲಾಗಲಿಲ್ಲ. “ಹೆದರಬೇಡಿ. ಅದು ಎದೆ ಮೇಲೆ ಇರೋತನಕ ಏನೂ ಆಗಲ್ಲ. ರಕ್ಷೆ ಕಟ್ಟಿದ ಹಾಗೆ ಅಂದ್ಕೊಳ್ಳಿ” ಎಂದೆ. ಮುಖ ಅರಳಿತು. ಒಳ್ಳೆಯ ಹೋಲಿಕೆ ಸಿಕ್ಕಿತೆಂದು ನನಗೂ ಸಮಾಧಾನ.

ಅಕ್ಟೋಬರ್ 3. ಶುಕ್ರವಾರ

ಗಾದ್ರಮ್ಮ ಎಂಟರ ಬಸ್ಸಿಗೆ ದಾವಣಗೆರೆಗೆ ಹೋದರು, ತಂಗಿಯ ಮನೆಗೆ. ಚೈತ್ರಾ ಇಡೀ ದಿನ ನನ್ನ ಜೊತೆ. ಅಡುಗೆಮನೆಯ ನೆಲದ ಮೇಲೆ ಕೂತು ಪುಟಗಟ್ಟಲೆ ಚಿತ್ರ ಬರೆದಳು.

ನಾನು ಆಸೆಯಿಂದ ಕೇಳುತ್ತೇನೆ. ಅವಳು ಆಸೆಯನ್ನು ಅಳತೆ ಮಾಡಿ ಕೊಡುತ್ತಾಳೆ. ರಿಯಾಕ್ಟರಿನೊಳಗೆ ನೀರಿನ ಬದಲು ಹರಿಸುವ ಸೋಡಿಯಂ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಆದರೆ ನೀರು ತಾಗಿದರೆ ಉರಿಯುತ್ತದೆ. ಕರಗಿದ ಉಪ್ಪು ಒತ್ತಡವಿಲ್ಲದೆ ಹರಿಯುತ್ತದೆ, ಆದರೆ ಕೊಳವೆಯನ್ನು ತಿನ್ನುತ್ತದೆ. ಫ್ಯಾಕ್ಟರಿಯಲ್ಲೇ ತಯಾರಿಸಿ ಲಾರಿಯಲ್ಲಿ ಒಯ್ಯುವ ಸಣ್ಣ ರಿಯಾಕ್ಟರ್‌ಗಳು ಅಗ್ಗವಾಗಬೇಕಾದರೆ ನೂರಾರು ಬೇಕು. ಅಗ್ಗವಾಗುವ ತನಕ ನೂರಾರನ್ನು ಕೊಳ್ಳುವವರಿಲ್ಲ. ಥೋರಿಯಂ ನಮ್ಮ ಕಡಲ ಮರಳಿನಲ್ಲಿ ಧಾರಾಳ. ಅದನ್ನು ಉರಿಸುವ ದಾರಿ ಮಾತ್ರ ಉದ್ದ.

“ಕಾಗದದ ಮೇಲಿನ ರಿಯಾಕ್ಟರ್ ಯಾವತ್ತೂ ಕೆಡಲ್ಲ ಮ್ಯಾಮ್. ಕಟ್ಟಿದ ಮೇಲೇ ಅದರ ಬುದ್ಧಿ ಗೊತ್ತಾಗೋದು.”

“ಮತ್ತೆ ನೀನ್ಯಾಕೆ ಅದಕ್ಕೇ ಅಂಟ್ಕೊಂಡಿದೀಯ?”

“ಯಾರಾದ್ರೂ ಕಟ್ಟಿ ನೋಡ್ಬೇಕಲ್ಲ.”

ಇಪ್ಪತ್ತಾರು ವರ್ಷದ ಹುಡುಗಿ. ಎಷ್ಟು ನೇರ.

ರಾತ್ರಿಯ ಬಸ್ಸಿಗೆ ಹೊರಟಳು. ಅಷ್ಟರಲ್ಲಿ ಗಾದ್ರಮ್ಮ ಬಂದಿದ್ದರು. ಬ್ಯಾಗು ತುಂಬಿ ಕೊಟ್ಟವರು ಅವರೇ.

ಅಕ್ಟೋಬರ್ 17

ಉಪನ್ಯಾಸ ಆಯಿತು. ಹಿಂದಿನ ಬೆಂಚಿನ ಒಬ್ಬಳು ಎದ್ದು ಕೇಳಿದಳು: “ಮ್ಯಾಮ್, ಇನ್ನು ಇಪ್ಪತ್ತು ವರ್ಷ ಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಿದಾರೆ?” ಎಲ್ಲರೂ ನಕ್ಕರು. ಗೊತ್ತಿಲ್ಲ ಎಂದೆ. ಅದೊಂದೇ ಇವತ್ತು ನಾನಾಡಿದ ಒಳ್ಳೆಯ ಮಾತು.

ನವೆಂಬರ್ 21. ಶುಕ್ರವಾರ

ಚೈತ್ರಾಳ ಫೋನು. ಅಳುವನ್ನು ಹಿಡಿದು ಮಾತಾಡಿದಳು.

ರಜೆಯಲ್ಲಿ ಮನೆಗೆ ತಂದಿದ್ದ ಆ ಬ್ಯಾಡ್ಜಿನ ಅಳತೆಯನ್ನು ಸಂಸ್ಥೆಯಲ್ಲಿ ಓದಿದ್ದಾರೆ. ಪ್ರಮಾಣ ದೊಡ್ಡದಲ್ಲ, ಆದರೆ ಬಗೆ ಬೇರೆ. ಅವಳು ಕೆಲಸ ಮಾಡುವಲ್ಲಿ ಇರುವ ವಿಕಿರಣ ಅಲ್ಲ ಅದು. ಆಸ್ಪತ್ರೆಯ ಎಕ್ಸ್‌ರೇ ಬಿದ್ದ ಹಾಗಿದೆ. ಬೇಕೆಂದೇ ಎಲ್ಲೋ ಒಡ್ಡಿದ್ದಾಳೆಯೇ? ಮೇಲಿನವರು ಕೇಳುತ್ತಿದ್ದಾರೆ.

“ಮನೆಗೆ ತಂದಿದ್ದು ತಪ್ಪು, ಒಪ್ಕೊಂಡೆ ಮ್ಯಾಮ್. ಆದ್ರೆ ಐದು ದಿನಾನೂ ಬ್ಯಾಗಲ್ಲೇ ಇತ್ತು ಅಂದೆ. ಸುಳ್ಳು ಹೇಳ್ತೀಯ ಅಂತಾರೆ. ಹೊಸ ತಂಡದ ಪಟ್ಟಿ ಡಿಸೆಂಬರ್ ಐದಕ್ಕೆ. ಸುಳ್ಳು ಹೇಳೋಳನ್ನ ರಿಯಾಕ್ಟರ್ ಹತ್ರ ಬಿಡ್ತಾರಾ?”

ಬಿಡುವುದಿಲ್ಲ. ಬಿಡಬಾರದು ಕೂಡ. ಎಂಥ ವಿನ್ಯಾಸವಾದರೂ ಅದರ ಮುಂದೆ ಕೂತವರು ಕಂಡದ್ದನ್ನು ಕಂಡ ಹಾಗೆ ಬರೆದಿಡಬೇಕು. ಆದರೆ ಇವಳು ಸುಳ್ಳು ಹೇಳುವವಳಲ್ಲ… ಮತ್ತೆ ಎಕ್ಸ್‌ರೇ ಎಲ್ಲಿಂದ?

ನವೆಂಬರ್ 22. ಬೆಳಿಗ್ಗೆ

ರೊಟ್ಟಿ ತಟ್ಟುತ್ತಿದ್ದ ಗಾದ್ರಮ್ಮನಿಗೆ ವಿಷಯ ಹೇಳಿದೆ. ಕೈ ನಿಂತಿತು. ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಕೆಮ್ಮಿದರು. ಈ ಕೆಮ್ಮು ಎಷ್ಟು ದಿನದ್ದು? ನಾನು ಗಮನಿಸಿಯೇ ಇರಲಿಲ್ಲ.

ಅದೇ ದಿನ. ಮಧ್ಯಾಹ್ನ 3

ಗಾದ್ರಮ್ಮ ಬಂದರು. ಸೆರಗಿನಡಿ ದೊಡ್ಡ ಕವರು. ಒಳಗೆ ಎಕ್ಸ್‌ರೇ ಫಿಲ್ಮು. ಕಿಟಕಿಗೆ ಹಿಡಿದೆ.

ಪಕ್ಕೆಲುಬುಗಳ ಸಾಲು. ಎಡಗಡೆ, ಎದೆಯ ಮೇಲೆ, ಒಂದು ಚೌಕ. ಅದರೊಳಗೆ ಬೆಳ್ಳಗೆ ಗುಂಡನೆಯ ಲೋಹದ ಗುರುತುಗಳು. ಮೂಲೆಯಲ್ಲಿ ತಾರೀಖು — ಮೂರು, ಅಕ್ಟೋಬರ್.

ತಂಗಿಯ ಮನೆಗೆ ಹೋಗಿರಲಿಲ್ಲ. ಎರಡು ತಿಂಗಳ ಕೆಮ್ಮು. ಯಾರಿಗೂ ತಿಳಿಸದೆ ಎಕ್ಸ್‌ರೇ ತೆಗೆಸಲು ಹೋಗಿದ್ದರು.

“ತಾಳಿ ಬಿಚ್ಚು ಅಂದ್ರು, ಬಿಚ್ಚಿದೆ. ಬಳೆ ತೆಗಿ ಅಂದ್ರು, ತೆಗೆದೆ. ಅವ್ಳ ಬಿಲ್ಲೆ ಒಳಗೆ ದಾರದಾಗೆ ಕಟ್ಕಂಡಿದ್ದೆ, ತೋರ್ಸಲಿಲ್ಲ. ಡಾಕ್ಟ್ರು ನೋಡಿ ಬೈದ್ರು — ಏನಮ್ಮ ಇದು ತಾಯಿತ, ಇನ್ನೊಂದು ತೆಗ್ಸು ಅಂತ. ಸಂಜಿಗೆ ಅವ್ಳ ಬ್ಯಾಗಿಗೆ ವಾಪಸ್ ಹಾಕ್ದೆ.”

“ಯಾಕೆ ಗಾದ್ರಮ್ಮ?”

ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

“ನೀವೇ ಅಂದ್ರಲ್ಲ ಮೇಡಂ. ಎದಿ ಮ್ಯಾಗಿದ್ರೆ ಏನೂ ಆಗಲ್ಲ ಅಂತ.”

ರಾತ್ರಿ

ಅಳೆಯುವುದನ್ನು ಕಾಪಾಡುವುದು ಎಂದೆ. ಎಂ.ಎಸ್ಸಿ. ಫಿಸಿಕ್ಸ್ ನಾನು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ‘ಅದು ತಡೆಯುವುದಿಲ್ಲ, ಎಷ್ಟು ಬಿತ್ತೆಂದು ತಿಳಿಸುತ್ತದೆ ಅಷ್ಟೇ; ಮಿತಿ ದಾಟುವ ಮುಂಚೆ ಅವಳನ್ನು ಹೊರಗೆ ಕರೆಯುತ್ತಾರೆ’ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅವರಿಗೆ ಅರ್ಥವಾಗುತ್ತಿತ್ತು. ಮೀಟರು ಏನೆಂದು ಮೋಟಾರು ಅಂಗಡಿಯವರ ಹೆಂಡತಿಗೆ ಗೊತ್ತಿಲ್ಲವೇ?

ಭಯವನ್ನು ನೋಡಲಾರದೆ ಹೇಳಿದೆ. ಅವರ ಭಯವನ್ನಲ್ಲ. ಅದರ ಎದುರು ನಿಂತ ನನ್ನ ಅಸಹಾಯಕತೆಯನ್ನು.

ನವೆಂಬರ್ 25

ಫಿಲ್ಮು ಸಾಕ್ಷಿ. ಒಂದು ಫೋಟೋ ತೆಗೆದು ಕಳಿಸಿದರೆ ಮುಗಿಯಿತು. ಗಾದ್ರಮ್ಮ ಬಿಡುತ್ತಿಲ್ಲ.

ಕ್ಷಯ ಅಂತೆ. ಸರ್ಕಾರಿ ಆಸ್ಪತ್ರೆಯ ಮಾತ್ರೆ ಶುರುವಾಗಿ ಐದು ವಾರ. ಆರು ತಿಂಗಳು ತಪ್ಪದೆ ನುಂಗಬೇಕು. ಗಂಡನಿಗೂ ಪಿತ್ತದ ಮಾತ್ರೆ ಎಂದಿದ್ದಾರೆ.

“ಗೊತ್ತಾದ್ರೆ ಅವ್ಳು ಕೆಲಸ ಬಿಟ್ಟು ಬಂದು ಕುಂತ್ಕಂತಾಳೆ. ಹಟಮಾರಿ. ಅದುಕ್ಕೇ ಹೇಳ್ಲಿಲ್ಲ.”

“ಹೇಳ್ದೇ ಇದ್ರೆ ಕೆಲಸ ಹಂಗೇ ಹೋಗುತ್ತಲ್ಲ ಗಾದ್ರಮ್ಮ.”

ಕವರನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಬಾಯಿಗೆ ಬಂದ ಎರಡು ಮೂರು ಮಾತುಗಳನ್ನು ನುಂಗಿದೆ.

“ಫೋನಾಗೆ ಬ್ಯಾಡ. ಬರಾಕೆ ಹೇಳ್ರಿ. ಮುಖ ನೋಡಿ ಹೇಳ್ತೀನಿ.”

ನವೆಂಬರ್ 29

ನನ್ನ ಪತ್ರ ಮುಗಿಯಿತು. ಅವಳ ಸಂಸ್ಥೆಯ ಸುರಕ್ಷತಾ ಅಧಿಕಾರಿಗೆ. ನಾಲ್ಕು ಸಲ ಹರಿದೆ. ಪ್ರತಿ ಸಲವೂ ಎಲ್ಲೋ ಒಂದು ಉಪಮೆ ನುಸುಳುತ್ತಿತ್ತು. ಕೊನೆಗೆ ಉಳಿದದ್ದು ಆರು ಸಾಲು. ಬ್ಯಾಡ್ಜು ರಕ್ಷಿಸುತ್ತದೆ ಎಂದು ಅವಳ ತಾಯಿಗೆ ತಪ್ಪಾಗಿ ಹೇಳಿದವಳು ನಾನು. ತಾಯಿ ಅದನ್ನು ಧರಿಸಿ ಎಕ್ಸ್‌ರೇ ತೆಗೆಸಿಕೊಂಡರು. ಚೈತ್ರಶ್ರೀಗೆ ತಿಳಿದಿರಲಿಲ್ಲ. ಹೆಸರು, ಹುದ್ದೆ, ಸಹಿ. ಕಾಲೇಜಿನ ಹುದ್ದೆಯನ್ನೂ ಬರೆದೆ. ನಾಚಿಕೆಯಾಯಿತು, ಆದರೂ ಬರೆದೆ.

ನವೆಂಬರ್ 30. ಭಾನುವಾರ. ಬೆಳಿಗ್ಗೆ 7.10

ಐದೂವರೆಗೆ ಆಟೋ ಬಂದ ಸದ್ದು. ಚೈತ್ರಾಳ ದನಿ. ಆಮೇಲೆ ಚಿತ್ತಪ್ಪನವರು ಏನೋ ರೇಗಿಸಿದ್ದು, ಅವಳು ನಕ್ಕದ್ದು. ಅವರಿಬ್ಬರಿಗೂ ಇನ್ನೂ ಗೊತ್ತಿಲ್ಲ.

ಪತ್ರ ಕೈಯಲ್ಲಿ ಹಿಡಿದು ಕೂತಿದ್ದೆ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸುತ್ತ… ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ, ನೀನು ಚಿಂತೆ ಮಾಡಬೇಡ, ನಾನು ಪಕ್ಕದಲ್ಲೇ ಇದ್ದೇನಲ್ಲ —

ಗಾದ್ರಮ್ಮ ಬಂದು ಹೋದರು. ಹೊಸಿಲ ಆಚೆಯೇ ನಿಂತರು. ಕೈಯಲ್ಲಿ ಆ ಕವರು. ತಲೆ ಬಾಚಿ ಹೂ ಮುಡಿದಿದ್ದರು.

“ಮುಖ ತೊಳೀತಾಳೆ, ಬರ್ರಿ ಮೇಡಂ. ಕಾಗದ ತಗಂಡು ಬರ್ರಿ. ಆದ್ರೆ ಒಂದು ಮಾತು. ಕೆಮ್ಮಿಂದು ನಾನೇ ಹೇಳ್ತೀನಿ. ನಡುವೆ ನೀವು ಬಾಯಿ ಹಾಕಿ ಸಮಾಧಾನ ಹೇಳಬ್ಯಾಡ್ರಿ. ಅವ್ಳು ಅತ್ರೆ, ಅತ್ಕಳ್ಲಿ.”